ಮರಮ್ಮನ ಸಸಿಮಡಿ

ಈಗ ಹೊಗೆಸೊಪ್ಪಿನ ಸಸಿ ಟ್ರೇಗಳಲ್ಲಿ ಬರುತ್ತದೆ. ಆಗ ಕಟ್ಟೆಮಳಲವಾಡಿಯಲ್ಲಿ ಸಸಿ ಎಂದರೆ ಮರಮ್ಮನ ಮಡಿಯದೇ. ಕೊಳ್ಳಲು ಹೋದವರಿಗೆ ಮೊದಲು ಸಿಗುತ್ತಿದ್ದದ್ದು ಸಸಿಯಲ್ಲ, ಸೋಪು.

"ಬೀಡಿ ಮುಟ್ಟಿದ ಕೈ ಅಲ್ವಾ? ತೊಳ್ಕೊಂಡು ಬನ್ನಿ."

ಬೀಡಿಯ ಸೊಪ್ಪಿನಿಂದಲೂ ಕೈಯ ಮೂಲಕ ಮೊಸಾಯಿಕ್ ನಂಜು ಸಸಿಗೆ ಹತ್ತುತ್ತದೆ. ಎಲೆಯಲ್ಲಿ ಹಳದಿ ಮಚ್ಚೆ ಕಂಡರೆ, ತಾನೇ ನೀರೆರೆದ ಸಸಿಯನ್ನು ಬೇರುಸಮೇತ ಕಿತ್ತು ಸುಡುತ್ತಿದ್ದಳು. ಇಷ್ಟು ಕಟ್ಟುನಿಟ್ಟಿನ ಹೆಂಗಸು ತನ್ನ ಮಾತ್ರೆಯ ವಿಷಯದಲ್ಲಿ ಸಡಿಲವಾದಳು.

ಲಾರಿ ಓಡಿಸುತ್ತಿದ್ದ ಗಂಡ ಸಾಯುವಾಗ ಅವಳಿಗೆ ಬಿಟ್ಟುಹೋದದ್ದು ಎಚ್‌ಐವಿ ಮಾತ್ರ. ಎರಡು ಸಾವಿರದ ಐದರಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಬೆಳಿಗ್ಗೆಗೊಂದು, ಸಂಜೆಗೊಂದು ಮಾತ್ರೆ ಕೊಟ್ಟರು. ಬೆಳಿಗ್ಗೆಯೇ ಗಿರಾಕಿಗಳ ಹೊತ್ತು, ಅವರ ಕಣ್ಣೆದುರೇ ನುಂಗಬೇಕು. ಕೈಯಿಂದ ನಂಜು ಹತ್ತುತ್ತದೆಂದು ಊರಿಗೆಲ್ಲ ಕಲಿಸಿದವಳೇ ಅವಳು. ತನ್ನ ಕಾಯಿಲೆ ಮುಟ್ಟಿದರೆ ಹತ್ತುವುದಿಲ್ಲ ಎಂದರೆ ನಂಬುವವರು ಯಾರು? ಅಷ್ಟರಲ್ಲಿ ಮಾತ್ರೆಯಿಂದ ಮೈಯೂ ಹಗುರಾಗಿತ್ತು. ಬೆಳಗಿನ ಮಾತ್ರೆ ತಪ್ಪಿತು, ಆಮೇಲೆ ಸಂಜೆಯದೂ. ನಾಟಿ ಮುಗಿಯುವಷ್ಟರಲ್ಲಿ ಜ್ವರ ಮಲಗಿಸಿತು.

ಆಸ್ಪತ್ರೆಯ ಸಲಹೆಗಾರ್ತಿ ವಿಮಲಮ್ಮ ಬೈಯದೆ ಪಕ್ಕದಲ್ಲಿ ಕೂತರು.

"ರಕ್ತದಲ್ಲಿ ಕಿಲ್ಲರ್ ಟಿ ಸೆಲ್ ಅಂತ ಇರ್ತವೆ ಮರಮ್ಮ. ವೈರಸ್ ಹೊಕ್ಕ ಜೀವಕೋಶ, ವೈರಸ್ಸಿನ ಚೂರೊಂದನ್ನ ತನ್ನ ಮೈಮೇಲೆ ತೋರಿಸುತ್ತೆ. ಇವು ಅದನ್ನ ಗುರುತಿಸಿ ಆ ಕೋಶಾನೇ ಕೊಲ್ತವೆ."

"ನಮ್ಮ ಮೈಯ ಕೋಶಾನೇ?"

"ಹೂಂ. ಬಿಟ್ರೆ ಅದರೊಳಗೆ ವೈರಸ್ ಮರಿ ಹಾಕುತ್ತಲ್ಲ."

"ಮಚ್ಚೆ ಸಸಿ ಕಿತ್ತಂಗೆ. ಅವೇ ಕೀಳ್ಲಿ ಬುಡಿ, ಮಾತ್ರೆ ಯಾಕೆ?"

"ಈ ವೈರಸ್ ಕಿಲಾಡಿ ಕಣ್ರೀ. ಚೂರಿನ ರೂಪ ಬದಲಾಯಿಸಿ ಗುರುತು ತಪ್ಪಿಸುತ್ತೆ. ಕಿಲ್ಲರ್‌ಗೆ ನೆರವಾಗೋ ಸೆಲ್‌ಗಳನ್ನೇ ತಿನ್ನುತ್ತೆ. ಕೆಲವು ಕೋಶದಲ್ಲಿ ಏನೂ ತೋರಿಸ್ದೆ ಮಲಗಿರುತ್ತೆ. ಮಾತ್ರೆ ಇದ್ರೆ ಹೆಚ್ಚೋಕಾಗಲ್ಲ. ನಿಲ್ಲಿಸಿದ್ರೆ ಮಲಗಿದ್ದೂ ಏಳುತ್ತೆ."

ಮರಮ್ಮ ಎದ್ದು ಕೂತಳು. "ಕೊಡಿ" ಎಂದು ಕೈ ಚಾಚಿದಳು.

ಮುಂದಿನ ವರ್ಷ ಹಳೆಯ ಗಿರಾಕಿ, ಕೊಪ್ಪದ ವ್ಯಾಪಾರಿ ಕನಕರಾಜು ಬೆಳಿಗ್ಗೆಯೇ ಸಸಿಗೆ ಬಂದ. ಅವನ ಕಣ್ಣೆದುರೇ ಅವಳು ಮಾತ್ರೆ ನುಂಗಿದಳು.

"ಯಾತಕ್ಕಮ್ಮ ಅದು?"

"ನಮ್ಮ ಯಜಮಾನ್ರಿಗೆ ಇತ್ತಲ್ಲ, ಅದೇ ಕಾಯಿಲೆ ಕಣಪ್ಪ. ಮುಟ್ಟಿದ್ರೆ ಹತ್ತಲ್ಲ. ಸಸಿ ಬೇಕಾ, ಬ್ಯಾಡ್ವಾ?"

ಕನಕರಾಜು ಅವಳ ಕೈಯಿಂದ ಸಸಿಯ ಕಟ್ಟು ತೆಗೆದುಕೊಂಡ. ತಿರುಗಿಸಿ ತಿರುಗಿಸಿ ನೋಡಿದ.

"ಬೇರು ಸಣ್ಣ ಕಣಮ್ಮ. ಬೆಲೆ ಇಳ್ಸು."

ಮರಮ್ಮ ಒಂದು ಪೈಸೆ ಇಳಿಸಲಿಲ್ಲ. ಆದರೆ ಕಾಯಿಲೆಯ ಮಾತು ಕೇಳಿದ ಮೇಲೂ ಅವನು ಎಂದಿನಂತೆ ಚೌಕಾಸಿ ಮಾಡಿದ್ದನ್ನು ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದಳು.