ಅಲಸಂದೆಯ ಬೇರಿನ ಗಂಟು

ವಿರಾಜಪೇಟೆ ಕಡೆಯ ಎಸ್ಟೇಟಿನಲ್ಲಿ ಬಹಳ ವರ್ಷ ದುಡಿದವನು ನಾನು. ಅಲ್ಲಿ ಕರಿಮೆಣಸಿನ ಬಳ್ಳಿ ಹಳದಿ ತಿರುಗಿದರೆ ಬುಡ ಬಿಡಿಸಿ ಬೇರು ನೋಡುತ್ತಿದ್ದೆವು. ಬೇರಿನಲ್ಲಿ ಗಂಟು ಕಂಡರೆ ಬಳ್ಳಿ ಕಿತ್ತು ದೂರ ಒಯ್ದು ಸುಡಬೇಕು, ಇಲ್ಲದಿದ್ದರೆ ರೋಗ ಪಕ್ಕದ ಬಳ್ಳಿಗೂ ಹೋಗುತ್ತದೆ ಎಂದು ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವ ರೈಟರ್ ಹೇಳುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಗಿಡದ ವಿಚಾರದಲ್ಲಿ ಗಟ್ಟಿಯಾಗಿ ಗೊತ್ತಿದ್ದದ್ದು ಅದೊಂದೇ. ಅದನ್ನೇ ತಂಗಿಯ ಹೊಲದಲ್ಲಿ ಮಾಡಿದೆ.

ಕುಶಾಲನಗರದ ಹತ್ತಿರದ ಆ ಹೊಲ, ನಮ್ಮ ಅಪ್ಪ ಹಾಸನದ ಕಡೆಯಿಂದ ಬಂದು ಮಾಡಿದ್ದು. ಗಂಡ ತೀರಿಕೊಂಡ ಮೇಲೆ ತಂಗಿ ಎರಡು ಹಸು ಕಟ್ಟಿಕೊಂಡು ಅಲ್ಲೇ ಇದ್ದಾಳೆ. ಸೊಂಟ ನೋವು ಬಂದು ಎಸ್ಟೇಟ್ ಬಿಟ್ಟ ನಾನೂ ಅವಳ ಜೊತೆ ಸೇರಿಕೊಂಡೆ. ಆ ವರ್ಷ ಅವಳು ಮೇವಿಗೆಂದು ಮುಸುಕಿನ ಜೋಳ ಬಿತ್ತಿ, ಸಾಲುಗಳ ನಡುವೆ ಅಲಸಂದೆ ಹಾಕಿದಳು. ಎರಡನ್ನೂ ಹಸಿರಿರುವಾಗಲೇ ಕೊಯ್ದು ಸೇರಿಸಿ ಹಾಕಿದರೆ ಹಸುಗಳಿಗೆ ಹಿಂಡಿ ಕಡಿಮೆ ಸಾಕು ಎಂದು ಅವಳ ಯೋಚನೆ.

ಪಕ್ಕದ ಹೊಲದ ಹಿರಿಯ ಹೆಂಗಸು ಬೇಲಿಯಾಚೆ ನಿಂತು ನಗುತ್ತಿದ್ದಳು. "ಏನವ್ವಾ, ಜೋಳಕ್ಕೂ ಬಳ್ಳಿಗೂ ಮದ್ವೆ ಮಾಡ್ತಿದ್ದೀಯಾ? ಕೊಯ್ಯೋವಾಗ ಕುಡ್ಲು ಸಿಕ್ಕಾಕ್ಕೊಂಡು ಅಳ್ತೀಯ ನೋಡು."

"ಆಗ ನಿನ್ನೇ ಕರೀತೀನಿ ಬಾರಕ್ಕ, ಬಿಡಿಸೋಕೆ," ಎಂದಳು ತಂಗಿ.

ಬೆಳಿಗ್ಗೆ ಸಂಜೆ ಇಬ್ಬರೂ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಒಟ್ಟಿಗೇ ಹೋಗುತ್ತಿದ್ದರು. ತಂಗಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವಳು ಆಕೆಯೊಬ್ಬಳೇ.

ತಂಗಿ ಒಂದು ಮದುವೆಗೆಂದು ಗಂಡನ ಊರಿಗೆ ಹೋಗಿದ್ದಾಗ ನಾನು ಕಳೆ ತೆಗೆಯಲು ಹೊಲಕ್ಕಿಳಿದೆ. ಕಳೆಯ ಜೊತೆ ಒಂದು ಅಲಸಂದೆ ಗಿಡವೂ ಕಿತ್ತು ಬಂತು. ಬೇರಿನ ತುಂಬ ಗಂಟು. ಇನ್ನೊಂದು ಕಿತ್ತೆ, ಅದರಲ್ಲೂ ಗಂಟು. ಜೋಳಕ್ಕೆ ರೋಗ ತಗಲುವ ಮೊದಲೇ ಮುಗಿಸಬೇಕೆಂದು ಅಲಸಂದೆಯನ್ನೆಲ್ಲ ಕಿತ್ತು ಕಾಲುವೆ ಏರಿಯ ಮೇಲೆ ಒಣಗಲು ಹಾಕಿದೆ.

ಕೊನೆಯ ಹೊರೆ ಹಾಕಿ ಅಲ್ಲೇ ಕುಳಿತವನು ಸುಮ್ಮನೆ ಒಂದು ಬೇರು ಕೈಗೆತ್ತಿಕೊಂಡೆ. ಮೆಣಸಿನ ಬಳ್ಳಿಯಲ್ಲಿ ಬೇರೇ ಊದಿಕೊಂಡಿರುತ್ತದೆ, ಗಂಟನ್ನು ಬೇರೆ ಮಾಡಲು ಬರುವುದಿಲ್ಲ. ಇಲ್ಲಿ ಗಂಟುಗಳು ಮಣಿಯ ಹಾಗೆ ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದವು. ಉಗುರು ತಾಗಿಸಿದರೆ ಉದುರಿದವು, ಬೇರಿಗೆ ಏನೂ ಆಗಲಿಲ್ಲ. ಒಂದನ್ನು ಸೀಳಿದೆ. ಒಳಗೆ ಎಳೆಗರುವಿನ ಒಸಡಿನಂಥ ಕೆಂಪು. ಗಿಡದೊಳಗೆ ಈ ಬಣ್ಣ ಎಲ್ಲಿಂದ ಬಂತು? ಇನ್ನೊಂದು ಸೀಳಿದೆ, ಮತ್ತೊಂದು ಸೀಳಿದೆ. ಆಮೇಲೆ ಎಲೆ ನೋಡಿದೆ. ಬಾಡಿದ್ದರೂ ಕಡುಹಸಿರು. ರೋಗದ ಗಿಡ ಹೀಗಿರುತ್ತದೆಯೇ?

ಮಾರನೇ ದಿನ ಹಸು ನೋಡಲು ಬಂದ ಡಾಕ್ಟರಿಗೆ ಒಂದು ಬೇರು ತೋರಿಸಿದೆ.

"ಇದು ರೋಗ ಅಲ್ಲ ಮಾರಾಯ್ರೇ, ಒಳ್ಳೇದು. ಗಾಳೀಲಿರೋ ಸಾರ ಹಿಡಿದು ಗಿಡಕ್ಕೆ ಕೊಡೋದು ಇದೇ," ಎಂದರು.

ಮಣ್ಣಿನೊಳಗಿರುವ ಗಂಟು ಗಾಳಿಯನ್ನು ಹಿಡಿಯುವುದು ಹೇಗೆ? ಇಡೀ ದಿನ ಅದನ್ನೇ ಯೋಚಿಸುತ್ತಿದ್ದೆ. ಯೋಚಿಸುತ್ತಲೇ ಒಣಸೌದೆ ಹಾಕಿ ಆ ರಾಶಿಯನ್ನು ಸುಟ್ಟು ಬೂದಿಯನ್ನು ಕಾಲುವೆಗೆ ತಳ್ಳಿದೆ, ತಂಗಿಗೆ ಕಾಣಬಾರದೆಂದು.

ತಂಗಿ ಬಂದವಳೇ ಹೊಲದಲ್ಲಿ ನಿಂತಳು. "ಅಣ್ಣಾ, ಅಲಸಂದೆ ಎಲ್ಲಿ?"

"ನಂಗೊತ್ತಿಲ್ಲ ಕಣವ್ವ. ನಾನು ಈ ಕಡೆ ಬರ್ಲೇ ಇಲ್ಲ."

"ಜೋಳದ ಒಂದು ಗರಿ ಮುರಿದಿಲ್ಲ. ಹಂದಿ ಕೆಲ್ಸ ಅಲ್ಲ ಇದು, ಮನುಷ್ಯರ ಕೈ," ಎಂದು ಬೇಲಿಯ ಕಡೆ ನೋಡಿದಳು. ಪಕ್ಕದಾಕೆಗೆ ಆಡುಗಳಿದ್ದವು.

ಮರುದಿನ ಬೆಳಿಗ್ಗೆ ತಂಗಿ ಒಬ್ಬಳೇ ಡೈರಿಗೆ ಹೊರಟಳು. "ಲೇ, ಕಾಯ್ಬಾರ್ದೇನೆ?" ಎಂದು ಪಕ್ಕದಾಕೆ ಕೂಗಿದಳು.

"ನಿನ್ನ ಆಡಿಗೆ ಹೊಟ್ಟೆ ತುಂಬ್ತಲ್ಲ, ಇನ್ನು ನಾನ್ಯಾಕೆ?"

ಆಕೆ ಕ್ಯಾನ್ ಹಿಡಿದು ಹಾಗೇ ನಿಂತುಬಿಟ್ಟಳು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ನನಗೆ ಒಂದೊಂದು ಮಾತೂ ಕೇಳಿಸಿತು. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ತಂಗಿಯ ಮನೆಯಲ್ಲಿ ಉಣ್ಣುವವನು, ಕೆಲಸಕ್ಕೆ ಬಾರದವನು ಅನ್ನಿಸಿಕೊಳ್ಳಲು ಹೆದರಿದೆ.

ಜೋಳ ಕೊಯ್ಯುವ ಹೊತ್ತಿಗೆ ಆ ಇಬ್ಬರೂ ಮುಖ ನೋಡುವುದನ್ನೂ ಬಿಟ್ಟಿದ್ದರು. ಅದನ್ನು ನೋಡಲಾಗದೆ ಒಂದು ದಿನ, ಮೇವು ಕತ್ತರಿಸುತ್ತಿದ್ದ ತಂಗಿಯ ಮುಂದೆ ಕುಳಿತು ಎಲ್ಲ ಹೇಳಿದೆ. ಅವಳು ಕತ್ತಿ ಕೆಳಗಿಟ್ಟಳು.

"ಕಿತ್ತಿದ್ದು ತಿಳೀದೆ, ಸರಿ. ಬಾಯಿ ಮುಚ್ಕೊಂಡಿದ್ದು?"

"ತಿಳಿದೇ."

"ಮೊದ್ಲು ಹೋಗಿ ಆ ಅಕ್ಕನಿಗೆ ಹೇಳು."

ಹೋದೆ. ಆಕೆ ಆಡು ಕಟ್ಟುತ್ತಲೇ ಕೇಳಿಸಿಕೊಂಡಳು. "ನಿನ್ನ ಮಾತು ಬಿಡಪ್ಪ. ಕದ್ದ್ಯಾ ಅಂತ ಒಂದ್ಸಲ ನನ್ನೇ ಕೇಳ್ಬೌದಿತ್ತಲ್ಲ ಅವ್ಳು?"

ಆ ಮಾತನ್ನು ಬಂದು ತಂಗಿಗೆ ಹಾಗೇ ಹೇಳಿದೆ. ಕಿತ್ತವನು ನಾನೆಂದು ಒಪ್ಪಿಕೊಂಡರೆ ಆಕೆಯ ಮೇಲಿನ ಅಪವಾದ ಹೋಗುತ್ತದೆ, ತಂಗಿ ಅದನ್ನು ನಂಬಿದ್ದು ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ತಂಗಿ ಕ್ಯಾನ್ ಹಿಡಿದು ಆಕೆಯ ಬೇಲಿಯ ಹತ್ತಿರ ನಿಂತಳು.

"ನೀನು ನಡಿ, ನಂಗೆ ಕೆಲ್ಸ ಐತೆ," ಎಂದಳು ಆಕೆ.

ತಂಗಿ ಕದಲಲಿಲ್ಲ. ಕ್ಯಾನ್ ಕೆಳಗಿಟ್ಟು ಕಾದಳು. ಡೈರಿಯ ಹೊತ್ತು ಮೀರುತ್ತಿತ್ತು. ಕೊನೆಗೆ ಆಕೆ ತನ್ನ ಕ್ಯಾನ್ ಹಿಡಿದು ಹೊರಬಂದು ಮುಂದೆ ನಡೆದಳು. ತಂಗಿ ನಾಲ್ಕು ಹೆಜ್ಜೆ ಬಿಟ್ಟು ಹಿಂದೆ ಹೊರಟಳು.