ಮೀನುಪೇಟೆಯಲ್ಲಿ ಓದಿದ ಪಟ್ಟಿ

ನಮ್ಮೂರು ಅವರ್ಸಾದ ಹೊನ್ನಮ್ಮ ತರುವ ಹರಿವೆ ಸೊಪ್ಪಿನ ಕಟ್ಟು ನಮ್ಮ ಮನೆ ಮುಟ್ಟುವಾಗಲೂ ಒದ್ದೆಯಾಗಿಯೇ ಇರುತ್ತದೆ. ಎಷ್ಟೋ ವರ್ಷ ನಾನು ಅದರ ಸಾರನ್ನು ಹೊಗಳಿ ಉಂಡವನೇ ಹೊರತು, ಉಸುಕಿನ ನೆಲದಲ್ಲಿ ಆ ತೇವ ಎಲ್ಲಿಂದ ಬಂತೆಂದು ಕೇಳಿದವನಲ್ಲ. ಕೇಳಿದ ದಿನ ತಿಳಿಯಿತು: ಬಾವಿಯಿಂದ ಸೇದಿ, ಎರಡು ಕೈಯಲ್ಲಿ ಎರಡು ಕೊಡ ಹಿಡಿದು, ಬೆಳಿಗ್ಗೆ ಸಂಜೆ ಆಕೆಯೇ ಹನಿಸುತ್ತಿದ್ದ ನೀರು ಅದು. ಸಹಾಯಧನದ ಪಂಪಿಗಾಗಿ ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದಳು. ನಿಮ್ಮೂರಿಗೆ ಈ ಸಲ ಬಂದಿಲ್ಲ ಎಂಬ ಉತ್ತರವನ್ನೂ ಮೂರು ವರ್ಷದಿಂದ ತರುತ್ತಿದ್ದಳು. ಭುಜಗಳು ಸೋತಿದ್ದವು. ಈ ವರ್ಷವೂ ಪಂಪು ಬಾರದಿದ್ದರೆ ಸೊಪ್ಪು ಬೆಳೆಯುವುದನ್ನೇ ಬಿಟ್ಟು ಕೂಲಿಗೆ ಹೋಗುವುದೆಂದು ನಿಶ್ಚಯಿಸಿದ್ದಳು.

ನಿವೃತ್ತ ಮಾಸ್ತರನಿಗೆ ಇಂಥ ಸಂಗತಿ ಸಿಕ್ಕಿದರೆ ಹಬ್ಬವೇ ಸರಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೃಷಿ ಇಲಾಖೆಯ ಕಚೇರಿಗೆ ಹೋಗಿ ಫಲಾನುಭವಿಗಳ ಪಟ್ಟಿ ಕೇಳಿದೆ. ಹಚ್ಚಿದ್ದೇವಲ್ಲ ಎಂದರು, ಸುಳ್ಳಲ್ಲ. ಪಟ್ಟಿ ಗೋಡೆಯ ಮೇಲೆಯೇ ಇತ್ತು, ಒಳಗೆ ತೆರೆದುಕೊಳ್ಳುವ ಕದದ ಹಿಂದೆ. ಕಚೇರಿ ತೆರೆದಿರುವಾಗ ಕದ ಅದನ್ನು ಮರೆಮಾಡುತ್ತಿತ್ತು. ಕದ ಮುಚ್ಚಿದಾಗ ಓದಲು ಒಳಗೆ ಯಾರೂ ಇರುತ್ತಿರಲಿಲ್ಲ. ಪಾರದರ್ಶಕತೆಯೆಂಬ ಅಷ್ಟು ದೊಡ್ಡ ಪದ ಅಷ್ಟು ಸಣ್ಣ ಸಂದಿಯಲ್ಲಿ ಹೇಗೆ ಹಿಡಿಸಿತೋ ನನಗಂತೂ ಬೆರಗು. ಸಂದಿಗೆ ನುಸುಳಿ ನಿಂತು ಎಲ್ಲವನ್ನೂ ನಕಲು ಮಾಡಿಕೊಂಡೆ. ಅವರ್ಸಾಕ್ಕೆ ಪ್ರತಿ ವರ್ಷವೂ ಪಂಪು ಬಂದಿತ್ತು.

ಮೇಲಿನವರಿಗೆ ಒಂದು ಅರ್ಜಿ ಗೀಚುತ್ತೇನೆ ಎಂದರೆ ಹೊನ್ನಮ್ಮ ಒಪ್ಪಲಿಲ್ಲ. "ಅರ್ಜಿ ಸಾಕಾಯ್ತು ಮಾಸ್ತರ್ರೆ. ಮೀನುಪೇಟೆಲಿ ಓದಿ. ಮೀನು ಬರೂವರೆಗೆ ಎಲ್ಲರೂ ಸುಮ್ನೆ ನಿಂತಿರ್ತ್ರು."

ನಾನು ಅಳುಕಿದೆ. ಊಟಕ್ಕೆ ಕೂತಾಗ ಇನ್ನೊಬ್ಬರ ಎಲೆ ನೋಡಬಾರದೆಂದು ಕಲಿಸಿದ ಮನೆಯವನು ನಾನು. ಯಾರಿಗೆ ಏನು ಬಂತೆಂದು ಪೇಟೆಯಲ್ಲಿ ಕೂಗಿ ಹೇಳುವುದು ಯಾವ ಮರ್ಯಾದೆ? ಆದರೆ ನೀವೇ ಯೋಚಿಸಿ ನೋಡಿ. ಎಲ್ಲರ ಮನೆಯ ಅಕ್ಕಿ ಸೇರಿ ಆದ ಅಡುಗೆಯನ್ನು ಪಂಕ್ತಿಯ ಕೊನೆಯವರೆಗೂ ಬಡಿಸಿದರೋ ಇಲ್ಲವೋ ಎಂದು ನೋಡದೆ, ತಾನುಂಡ ಕೈ ತೊಳೆದು ಏಳುವುದನ್ನು ಮರ್ಯಾದೆ ಎನ್ನಲಾದೀತೇ? ನನ್ನ ಸಭ್ಯತೆಯಲ್ಲಿ ಅರ್ಧ ಪಾಲು ಬರೀ ಸೋಮಾರಿತನವೆಂದು ಹೊಳೆದು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಓದಿದೆ. ತಾಡಪತ್ರಿ ಪಡೆದವರ ಹೆಸರಿಗೆ ಯಾರೂ ತಲೆ ಎತ್ತಲಿಲ್ಲ. ಪಂಪಿನ ಸರದಿ ಬಂತು. ಹೆದ್ದಾರಿ ಬದಿಯಲ್ಲಿ ಅಂಗಡಿಯಿಟ್ಟ ನಮ್ಮೂರಿನ ಯಜಮಾನರೊಬ್ಬರ ಹೆಸರು. ಖಾಲಿ ಬುಟ್ಟಿಯೊಡನೆ ಕಾಯುತ್ತಿದ್ದ ಮೀನು ಮಾರುವ ಗಂಗೆ ಮೆಲ್ಲಗೆ ಕೇಳಿದಳು, "ಅವ್ರ ಗದ್ದೆಲಿ ಬಾವಿ ಎಲ್ಲಿ ಅದೆ?"

ಬಾವಿ ಇರಲಿಲ್ಲ. ಕಚೇರಿಗೆ ಅವರ ಪಹಣಿ ಗೊತ್ತಿತ್ತು, ಆಧಾರ್ ಗೊತ್ತಿತ್ತು, ಬ್ಯಾಂಕಿನ ಖಾತೆ ಗೊತ್ತಿತ್ತು. ಬಾವಿಯಿಲ್ಲವೆಂಬುದು ಮಾತ್ರ ಊರಿಗಷ್ಟೇ ಗೊತ್ತಿತ್ತು. ಯಜಮಾನರು ಕೈಚೀಲ ಹಿಡಿದು ಅಲ್ಲೇ ನಿಂತಿದ್ದರು. "ಕಚೇರಿಯವ್ರು ಸಹಿ ಹಾಕಿ ಅಂದ್ರು, ಹಾಕ್ದೆ. ಪಂಪು ಅಟ್ಟದ ಮೇಲೆ ಹಾಂಗೇ ಅದೆ" ಎಂದು ಮೀನು ಕೊಳ್ಳದೆ ಮನೆಗೆ ನಡೆದರು. ಆ ವಾರವೇ ಅದನ್ನು ಕಚೇರಿಗೆ ಒಪ್ಪಿಸಿದರೆನ್ನಿ.

ಮುಂದಿನ ಗ್ರಾಮಸಭೆಗೆ ಊರಿಗೆ ಊರೇ ಹೋಯಿತು. ಆಯ್ಕೆಯಾದವರ ಹೆಸರನ್ನು ಮೊದಲು ಮೀನುಪೇಟೆಯಲ್ಲಿ ಓದಬೇಕು, ಯಾರದ್ದಾದರೂ ತಕರಾರಿದ್ದರೆ ಅಲ್ಲೇ ಕೇಳಬೇಕು ಎಂದು ಠರಾವಾಯಿತು. ಹಾಗೆ ಬಂದ ಮೊದಲ ಪಟ್ಟಿಯನ್ನು ಓದುವ ಭಾಗ್ಯವೂ ನನ್ನದೇ. ಪಂಪು ಎಂದು ಓದಿ, ಹೊನ್ನಮ್ಮನ ಹೆಸರು ಓದಿದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಅಷ್ಟು ಹಿಗ್ಗು ನನಗೆ ನನ್ನ ಮೊದಲ ಸಂಬಳದ ದಿನವೂ ಆಗಿರಲಿಲ್ಲ.

"ಬಾವಿ ಅದೆ, ನಾನೇ ನೀರು ಕುಡ್ದಿದ್ದೆ" ಎಂದಳು ಗಂಗೆ. ಯಾರ ತಕರಾರೂ ಇರಲಿಲ್ಲ.

ಹೊನ್ನಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಸೆರಗು ಸರಿಮಾಡಿಕೊಂಡು ನಿಂತಳು. "ಇನ್ನೊಂದ್ ಸಲ ಓದಿ ಮಾಸ್ತರ್ರೆ. ಆ ಬದಿಯವ್ರಿಗೆ ಕೇಳ್ಲಿಲ್ಲ."

ಆ ಬದಿಯಲ್ಲಿದ್ದದ್ದು ಸಮುದ್ರ ಮಾತ್ರ. ನಾನು ದನಿ ಎತ್ತಿ ಇನ್ನೊಮ್ಮೆ ಓದಿದೆ.