ಗಂಗುಲಪ್ಪ ಕಪ್ಪೆಗೆ ನಾಮಕರಣ ಮಾಡಿದ್ದು

ನನ್ನ ಮೈದುನ ಗಂಗುಲಪ್ಪನ ಬಾಯಿ ಈ ಕಿವಿಯಿಂದ ಆ ಕಿವಿಗೆ ಅಗಲ. ದಿಬ್ಬೂರಹಳ್ಳಿಯ ಹಾಲಿನ ಡೇರಿ ಮುಂದಿನ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಅಡ್ಡಹೆಸರು ಇಡುವುದೇ ಅವನ ಬದುಕು. ಕಾಲೆಳೆದು ನಡೆಯುವ ಮುನಿಗಂಗಮ್ಮ ಅವನಿಗೆ ‘ಮುಕ್ಕಾಲಮ್ಮ’. ನನ್ನನ್ನು ಅತ್ತಿಗೆ ಎನ್ನುತ್ತಿದ್ದವನು, ನನ್ನ ಗಂಡ ತೀರಿಕೊಂಡ ಮೇಲೆ ‘ಬೋಳ್ಕಡ್ಡಿ’ ಅಂದ. ರೇಷ್ಮೆ ಹುಳ ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ತಿಪ್ಪೆಗೆ ಎಸೆಯುತ್ತಾರಲ್ಲ, ಅದು. ಊರೂ ಹಾಗೇ ಕರೆಯಿತು. ನನ್ನ ಸ್ವಂತ ಹೆಸರು ವೋಟಿನ ದಿನ ಮಾತ್ರ ಕೇಳಿಸುತ್ತದೆ.

ಹೋದ ವರ್ಷ ಮೊದಲ ಮಳೆಗೆ ಅವನು ತೋಟದಲ್ಲಿ ಗುಂಡಿ ತೋಡುವಾಗ ನೆಲದೊಳಗಿಂದ ಒಂದು ಕಪ್ಪೆ ಬಂತು. ಉಬ್ಬಿದ ಮೈ, ತುಂಬ ಮಚ್ಚೆ. ಕಪ್ಪೆ ಹುಡುಕಿಕೊಂಡು ಕೆರೆ-ಕುಂಟೆಗಳನ್ನು ಸುತ್ತುತ್ತಿದ್ದ ಕಾಲೇಜು ಮೇಷ್ಟ್ರು ನರೇಂದ್ರ ಫೋಟೋ ತೆಗೆದುಕೊಂಡರು.

“ನಾನು ಇದನ್ನ ನೋಡಿಲ್ಲ, ತಿಳಿದೋರ್ನ ಕೇಳ್ತೀನಿ. ಹೊಸ ಜಾತಿ ಆದ್ರೆ ಹೆಸರಿಡ್ತಾರೆ. ಬಣ್ಣ ನೋಡಿ ಇಡ್ತಾರೆ, ಊರಿನ ಮೇಲೆ ಇಡ್ತಾರೆ, ಮನುಷ್ಯರ ಹೆಸರೂ ಇಡ್ತಾರೆ.”

ಗಂಗುಲಪ್ಪನ ಕಿವಿಗೆ ಬಿದ್ದದ್ದು ಕೊನೆಯದೊಂದೇ. “ಪ್ರಪಂಚದ ಪುಸ್ತಕದಾಗೆ ನನ್ನ ಹೆಸ್ರು ಕಣ್ರೋ” ಎಂದು ಕಟ್ಟೆಯ ಮೇಲೆ ಸಾರಿದ. ಮೇಷ್ಟ್ರು ತಿರುಗಿ ಬರುವವರೆಗೂ ತಾಳದೆ ಮಗುವಿಗೆ ಮಾಡುವಂತೆ ಮನೆಯಲ್ಲಿ ನಾಮಕರಣವನ್ನೇ ಇಟ್ಟುಕೊಂಡ. ಮೊರದಲ್ಲಿ ಒದ್ದೆ ಮಣ್ಣು ಹರಡಿ ಕಪ್ಪೆ ಇಟ್ಟ. ಬಂದವರಿಗೆ ಕೋಸಂಬರಿ, ಪಾನಕ.

ನಾನು ಹೊಸಲಿಗೆ ಕಾಲಿಟ್ಟೆ. “ಏ ಬೋಳ್ಕಡ್ಡಿ, ಆಚೆ ನಿಂತ್ಕೊ. ಶುಭಕಾರ್ಯ ನಡೀತೈತೆ” ಅಂದ.

ಆಚೆ ನಿಂತೆ. ಅದಕ್ಕೇ ಮೇಷ್ಟ್ರು ಬಂದಾಗ ಸುದ್ದಿ ಮೊದಲು ಸಿಕ್ಕಿದ್ದು ನನಗೆ.

“ಹೊಸದಲ್ಲಮ್ಮ, ಹಳೇ ಕಪ್ಪೇನೇ” ಅಂದರು.

“ನನಗ್ ಹೇಳಿ ಏನುಪಯೋಗ ಸ್ವಾಮಿ? ಬನ್ನಿ, ಎಲ್ರ ಮುಂದೆ ಹೇಳಿ” ಎಂದು ಅವರ ಹಿಂದೆಯೇ ಒಳಗೆ ನುಗ್ಗಿದೆ.

ಗಂಗುಲಪ್ಪ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ತನ್ನ ಹೆಸರು ಬರೆದು, ಕಪ್ಪೆಯ ಕಿವಿ ಎಲ್ಲಿದೆಯೋ ತಿಳಿಯದೆ ಅದರ ಬೆನ್ನಿಗೆ ಬಾಯಿಟ್ಟು ಪಿಸುಗುಟ್ಟುತ್ತಿದ್ದ.

“ಇದರ ಹೆಸರು ಯೂಪೆರೋಡಾನ್ ಸಿಸ್ಟೋಮ” ಅಂದರು ಮೇಷ್ಟ್ರು. “ಸಿಸ್ಟೋಮ ಅನ್ನೋದನ್ನ ಇನ್ನೂರು ವರ್ಷದ ಹಿಂದೇನೇ ಜರ್ಮನಿಯವನೊಬ್ಬ ಇಟ್ಟಿದಾನೆ. ಗ್ರೀಕ್ ಮಾತು. ಬಾಯಿ ಚಿಕ್ಕದು ಅಂತ ಅರ್ಥ. ಯೂಪೆರೋಡಾನ್ ಆಮೇಲೆ ಸೇರಿದ್ದು, ಅಂಗುಳಿನ ಹಲ್ಲು ಅಂತ.”

“ಬಾಯಿ ಚಿಕ್ಕದಾ? ಹಂಗಾದ್ರೆ ನಿನ್ನದಲ್ಲ ಬಿಡಪ್ಪ” ಅಂದಳು ಮುನಿಗಂಗಮ್ಮ. ನಕ್ಕ ರಭಸಕ್ಕೆ ಕುಡಿಯುತ್ತಿದ್ದವರ ಮೂಗಿಗೆ ಪಾನಕ ಏರಿತು.

ಗಂಗುಲಪ್ಪ ನನ್ನತ್ತ ತಿರುಗಿದ. “ಈ ಬೋಳ್ಕಡ್ಡಿ ಹೊಸಲು ದಾಟಿದ್ಕೇ ಹಿಂಗಾಗಿದ್ದು.”

“ಇನ್ನೂರು ವರ್ಷದ ಹಿಂದೇನೂ ನಾನೇ ದಾಟಿದ್ನೇನೋ, ಸಿಸ್ಟೋಮ?”

ಅಂದಿನಿಂದ ಊರಿಗೆಲ್ಲ ಅವನು ಸಿಸ್ಟೋಮನೇ. ಅವನ ಮಗಳು ಕವಿತ ಬಂದು, “ದೊಡ್ಡಮ್ಮ, ಅಪ್ಪ ಕಟ್ಟೆಗೇ ಹೋಗ್ತಿಲ್ಲ, ನೀವಾದ್ರೂ ಬಿಟ್ಬಿಡಿ” ಅಂದಳು.

“ಅವನ ಬಾಯಲ್ಲಿ ಅತ್ತಿಗೆ ಅಂತ ಬರಲಿ, ಬಿಡ್ತೀನಿ.”

ಇನ್ನೂ ಬಂದಿಲ್ಲ. ಬೆಳಿಗ್ಗೆ ಹಾಲು ಹಾಕಲು ಹೋದಾಗ ಅವನು ತನ್ನ ಬಾಗಿಲ ಸಂದಿಯಿಂದ ಬೋಳ್ಕಡ್ಡಿ ಎನ್ನುತ್ತಾನೆ. ನಾನು ಡೇರಿಯೊಳಗಿನವರಿಗೂ ಕೇಳುವಂತೆ ಅವನ ಹೊಸ ಹೆಸರು ಕೂಗುತ್ತೇನೆ.